ಹಳೇ ಟ್ರ್ಯಾಕ್ಟರ್‌ನ ಮ್ಯಾಗ್ನೆಟೋ ಸರಿಯಾಗಿ ಕಿಡಿ ಕೊಡ್ತಿಲ್ಲ, ಏನು ಮಾಡಲಿ?

ಹೋದ ಸಂಚಿಕೆಯಲ್ಲಿ ಹಳೆಯ ಪೆಟ್ರೋಲ್ ಎಂಜಿನ್‌ಗಳ ಬಗ್ಗೆ ಬರೆದ ಮೇಲೆ ತುಂಬಾ ಪತ್ರಗಳು ಬಂದಿವೆ. ಅದರಲ್ಲಿ ಮ್ಯಾಗ್ನೆಟೋ, ಅಂದರೆ ಬ್ಯಾಟರಿ ಇಲ್ಲದೆ ಮ್ಯಾಗ್ನೆಟ್ ತಿರುಗಿಸಿ ಎಂಜಿನ್‌ಗೆ ಕಿಡಿ ಕೊಡುವ ಸಾಧನದ ಬಗ್ಗೆ ಕೇಳಿದವರೇ ಜಾಸ್ತಿ. ಅವರಿಗೆಲ್ಲ ಈ ಸಲ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. ಮೊದಲನೇ ಉತ್ತರ ಉದ್ದ ಇದೆ, ಪುರುಸೊತ್ತಾಗಿ ಓದಿ.

ಪ್ರಶ್ನೆ: ನಾವು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಪಿಯೋರಿಯಾ ಊರಿನ ಹೊರಗೆ ಇದ್ದೇವೆ. ಹೋದ ವರ್ಷ ಸ್ವಲ್ಪ ಜಮೀನಿರುವ ಮನೆ ತಗೊಂಡೆವು. ಅಲ್ಲಿನ ಶೆಡ್‌ನಲ್ಲಿದ್ದ 1947ರ ಫಾರ್ಮಾಲ್ ಎಚ್ ಟ್ರ್ಯಾಕ್ಟರ್ ಮನೆ ಜೊತೆಗೇ ನಮ್ಮದಾಯಿತು. ಪೆಟ್ರೋಲ್ ಎಂಜಿನ್, ಮ್ಯಾಗ್ನೆಟೋ ಇಗ್ನಿಷನ್. ಹ್ಯಾಂಡಲ್ ಹೊಡೆದು ಹೊಡೆದು ಕೈ ಸೋತ ಮೇಲೆ ಸ್ಟಾರ್ಟ್ ಆಗುತ್ತದೆ. ಓಡುವಾಗ ನಡುನಡುವೆ ಮಿಸ್ ಹೊಡೆಯುತ್ತದೆ. ಅರ್ಧ ಗಂಟೆ ಕೆಲಸ ಮಾಡಿದರೆ ನಿಂತೇಬಿಡುತ್ತದೆ, ತಣ್ಣಗಾದ ಮೇಲೆ ಮತ್ತೆ ಹೊರಡುತ್ತದೆ. ಪ್ಲಗ್ ಹೊಸದು ಹಾಕಿದೆ, ಕಾರ್ಬುರೇಟರ್ ತೊಳೆದೆ. ಇಲ್ಲಿನ ಮೆಕ್ಯಾನಿಕ್ ಒಬ್ಬರು 'ಮ್ಯಾಗ್ನೆಟೋ ಸವೆದಿದೆ, ಅದನ್ನು ಬಿಸಾಕಿ ಬ್ಯಾಟರಿ ಇಗ್ನಿಷನ್ ಹಾಕಿಸಿ' ಅಂದರು. ಹಾಕಿಸಲಾ?

ಉತ್ತರ: ಬಿಸಾಕಬೇಡಿ. ಇದು ನನ್ನ ಮೊದಲ ಮಾತು. ಬ್ಯಾಟರಿ ಇಗ್ನಿಷನ್ ಹಾಕಿಸುವುದು ತಪ್ಪು ಅಂತ ನಾನು ಹೇಳುವುದಿಲ್ಲ, ಆ ಕಾಲದಲ್ಲಿ ಕಂಪನಿಯೇ ಬೇಕಾದವರಿಗೆ ಬ್ಯಾಟರಿ ಇಗ್ನಿಷನ್ ಇರುವ ಎಚ್ ಕೂಡ ಕೊಡುತ್ತಿತ್ತು. ಆದರೆ ರೋಗ ಯಾವುದು ಅಂತ ನೋಡದೆ ಅಂಗವನ್ನೇ ತೆಗೆದುಹಾಕುವುದು ಸರಿಯಲ್ಲ ಅಲ್ವಾ? ನಿಮ್ಮ ಟ್ರ್ಯಾಕ್ಟರ್ ತಯಾರಾದದ್ದು ನಿಮ್ಮದೇ ರಾಜ್ಯದ ರಾಕ್ ಐಲ್ಯಾಂಡ್ ಕಾರ್ಖಾನೆಯಲ್ಲಿ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1939ರಿಂದ 1953ರವರೆಗೆ ಈ ಎಚ್ ಮಾದರಿಯನ್ನು ಲಕ್ಷಗಟ್ಟಲೆ ಮಾಡಿತು. ಹಾಗಾಗಿ ಅದರ ಎಚ್-4 ಮ್ಯಾಗ್ನೆಟೋದ ಬಿಡಿಭಾಗ ಇವತ್ತಿಗೂ ನಿಮ್ಮ ಕಡೆ ಸಿಗುತ್ತದೆ. ಪಾಯಿಂಟ್ (ಕರೆಂಟ್ ಕಡಿಯುವ ಸಣ್ಣ ಸ್ವಿಚ್), ಕಂಡೆನ್ಸರ್ (ಪಾಯಿಂಟ್‌ನಲ್ಲಿ ಕಿಡಿ ಹಾರದಂತೆ ತಡೆಯುವುದು), ಕಾಯಿಲ್ (ತಂತಿ ಸುರುಳಿ), ಕ್ಯಾಪ್ (ಪ್ಲಗ್ ವೈರ್‌ಗಳು ಸೇರುವ ಮುಚ್ಚಳ), ರೋಟರ್ (ಕ್ಯಾಪ್ ಒಳಗೆ ತಿರುಗುತ್ತಾ ಕಿಡಿಯನ್ನು ಒಂದೊಂದು ವೈರ್‌ಗೆ ಹಂಚುವ ತುಂಡು) ಯಾವುದಕ್ಕೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಈಗ ವಿಷಯಕ್ಕೆ ಬರೋಣ. ನೀವು ಹೇಳಿದ್ದು ಮೂರು ತೊಂದರೆ. ಸ್ಟಾರ್ಟ್ ಆಗಲ್ಲ, ಮಿಸ್ ಹೊಡೆಯುತ್ತೆ, ಬಿಸಿಯಾದರೆ ನಿಲ್ಲುತ್ತೆ. ಮೂರಕ್ಕೂ ಒಂದೇ ಕಾರಣ ಇರಬೇಕು ಅಂತೇನಿಲ್ಲ. ಮ್ಯಾಗ್ನೆಟೋ ಸವೆದಾಗ ಹೀಗೆ ಎರಡು ಮೂರು ಕಡೆಯಿಂದ ಒಟ್ಟಿಗೆ ಕೈ ಕೊಡುತ್ತದೆ. ಬಿಡಿಬಿಡಿಯಾಗಿ ನೋಡಬೇಕು.

ಮ್ಯಾಗ್ನೆಟೋ ಮುಟ್ಟುವ ಮುಂಚೆ ಎರಡು ಕೆಲಸ ಮಾಡಿ, ದುಡ್ಡು ಖರ್ಚಿಲ್ಲ. ಒಂದು, ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಹೋಗುವ ಸಣ್ಣ ತೂತು ಇರುತ್ತದೆ. ಅದು ಕಟ್ಟಿಕೊಂಡಿದ್ದರೆ ಅರ್ಧ ಗಂಟೆ ಓಡಿದ ಮೇಲೆ ಪೆಟ್ರೋಲ್ ಇಳಿಯುವುದೇ ನಿಂತುಹೋಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಇಳಿಯುತ್ತದೆ. ನೋಡುವವರಿಗೆ ಕಾಯಿಲ್ ಬಿಸಿಯಾಗಿ ನಿಂತ ಹಾಗೇ ಕಾಣುತ್ತದೆ! ಮುಚ್ಚಳ ಸಡಿಲ ಮಾಡಿ ಓಡಿಸಿ ನೋಡಿ. ಎರಡು, ಮ್ಯಾಗ್ನೆಟೋದಿಂದ ಡ್ಯಾಶ್‌ಬೋರ್ಡ್ ಸ್ವಿಚ್‌ಗೆ ಹೋಗುವ ಒಂಟಿ ತಂತಿ ಇದೆಯಲ್ಲ, ಅದನ್ನು ಮ್ಯಾಗ್ನೆಟೋ ಕಡೆಯಲ್ಲಿ ಬಿಚ್ಚಿಡಿ. ಆ ತಂತಿಯ ಕೆಲಸ ಎಂಜಿನ್ ನಿಲ್ಲಿಸುವುದು ಮಾತ್ರ. ಸ್ವಿಚ್ ಆಫ್ ಮಾಡಿದಾಗ ಅದು ಮ್ಯಾಗ್ನೆಟೋವನ್ನು ಟ್ರ್ಯಾಕ್ಟರ್‌ನ ಲೋಹದ ಮೈಗೆ ಜೋಡಿಸಿ ಅರ್ಥ್ ಮಾಡುತ್ತದೆ, ಕಿಡಿ ಸಾಯುತ್ತದೆ. ಅದರ ಹೊದಿಕೆ ಎಲ್ಲೋ ಒಂದು ಕಡೆ ಉಜ್ಜಿ ಹೋಗಿ ಟ್ರ್ಯಾಕ್ಟರ್‌ನ ಮೈಗೆ ತಾಗುತ್ತಿದ್ದರೆ, ಎಂಜಿನ್ ಅಲುಗಾಡಿದಾಗೆಲ್ಲ ಮಿಸ್ ಹೊಡೆಯುತ್ತದೆ. ತಂತಿ ಬಿಚ್ಚಿದ ಮೇಲೆ ಎಂಜಿನ್ ಚೆನ್ನಾಗಿ ಓಡಿದರೆ ನಿಮ್ಮ ಮ್ಯಾಗ್ನೆಟೋ ನಿರಪರಾಧಿ. ಒಂದು ಎಚ್ಚರ, ತಂತಿ ಬಿಚ್ಚಿದ ಮೇಲೆ ಸ್ವಿಚ್‌ನಿಂದ ಎಂಜಿನ್ ನಿಲ್ಲುವುದಿಲ್ಲ. ಪೆಟ್ರೋಲ್ ಟ್ಯಾಂಕಿನ ನಲ್ಲಿಯನ್ನು ಮುಚ್ಚಿ ಅಥವಾ ಚೋಕ್ ಎಳೆದು ನಿಲ್ಲಿಸಬೇಕು. ಹತ್ತಿರದಲ್ಲಿ ಮಕ್ಕಳು ಇರದಂತೆ ನೋಡಿಕೊಳ್ಳಿ.

ಇದೇ ಸ್ವಿಚ್ ವಿಷಯದಲ್ಲಿ ಇನ್ನೊಂದು ಮಾತು. ಹಿಂದಿನ ಮಾಲೀಕರು ಲೈಟ್‌ಗೋ ಸೆಲ್ಫ್ ಸ್ಟಾರ್ಟರ್‌ಗೋ ಬ್ಯಾಟರಿ ಕೂರಿಸಿ, ಜೊತೆಗೆ ಕಾರಿನ ಇಗ್ನಿಷನ್ ಸ್ವಿಚ್ ಹಾಕಿರುವ ಟ್ರ್ಯಾಕ್ಟರ್‌ಗಳಿವೆ. ಕಾರಿನ ಸ್ವಿಚ್ ಆನ್ ಮಾಡಿದಾಗ ತಂತಿಗೆ ಕರೆಂಟ್ ಕಳಿಸುತ್ತದೆ. ಮ್ಯಾಗ್ನೆಟೋಗೆ ಹೊರಗಿನ ಕರೆಂಟ್ ಬೇಡವೇ ಬೇಡ. ಹೋದರೆ ಪಾಯಿಂಟ್ ಸುಡುತ್ತದೆ, ಕಾಯಿಲ್ ಹಾಳಾಗುತ್ತದೆ. ನಿಮ್ಮದರಲ್ಲಿ ಬ್ಯಾಟರಿ ಇದ್ದರೆ ಅದರ ಯಾವ ತಂತಿಯೂ ಮ್ಯಾಗ್ನೆಟೋ ತನಕ ಬಂದಿಲ್ಲ ಅಂತ ಕೈಯಿಂದ ತಡವಿ ಖಾತ್ರಿ ಮಾಡಿಕೊಳ್ಳಿ.

ಆಮೇಲೆ ಕಿಡಿ ನೋಡಿ. ಒಂದು ಪ್ಲಗ್‌ನ ವೈರ್ ತೆಗೆದು, ಅದರ ಲೋಹದ ತುದಿಯನ್ನು ಎಂಜಿನ್ ಬ್ಲಾಕ್‌ನಿಂದ ಕಾಲು ಇಂಚು, ಅಂದರೆ ಸುಮಾರು 6 ಮಿ.ಮೀ. ದೂರ ನಿಲ್ಲುವ ಹಾಗೆ ಒಣ ಮರದ ತುಂಡಿಗೆ ಕಟ್ಟಿ. ಸುತ್ತ ಪೆಟ್ರೋಲ್ ಚೆಲ್ಲಿರಬಾರದು. ಈಗ ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿ. ಮ್ಯಾಗ್ನೆಟೋ ಒಳಗಿಂದ 'ಟಕ್' ಅಂತ ಶಬ್ದ ಬರುತ್ತದೆ. ಅದೇ ಇಂಪಲ್ಸ್ ಕಪ್ಲಿಂಗ್. ಸ್ಪ್ರಿಂಗ್ ಸುತ್ತಿಕೊಂಡು ಸುತ್ತಿಕೊಂಡು, ಕ್ಯಾಟರ್‌ಬಿಲ್ಲಿನ ರಬ್ಬರ್ ಎಳೆದು ಬಿಟ್ಟ ಹಾಗೆ ಮ್ಯಾಗ್ನೆಟ್‌ನ ರೋಟರನ್ನು ಒಮ್ಮೆಲೇ ತಿರುಗಿಸುತ್ತದೆ. ಕೈಯಿಂದ ಎಷ್ಟೇ ನಿಧಾನ ತಿರುಗಿಸಿದರೂ ಜೋರಾದ ಕಿಡಿ ಬರುವುದು ಇದರಿಂದ. ನಾಲ್ಕು ಟಕ್‌ಗೆ ಒಂದು ನಿಮ್ಮ ವೈರ್‌ನದು. ಕಿಡಿ ದಪ್ಪ ಇರಬೇಕು, ನೀಲಿ ಇರಬೇಕು, ಹಾರುವಾಗ ಚಟ್ ಅಂತ ಕೇಳಬೇಕು. ಕೂದಲಿನಷ್ಟು ತೆಳ್ಳಗೆ, ಹಳದಿ ಅಥವಾ ಕೆಂಪು ಬಣ್ಣಕ್ಕೆ ಬಂದರೆ ಶಕ್ತಿ ಇಲ್ಲ ಅಂತ ಅರ್ಥ. ನಾಲ್ಕೂ ವೈರ್‌ಗೆ ಹೀಗೆ ಮಾಡಿ. ಒಂದರಲ್ಲಿ ಮಾತ್ರ ಕಿಡಿ ಇಲ್ಲದಿದ್ದರೆ ತೊಂದರೆ ಆ ವೈರ್‌ನಲ್ಲಿ ಅಥವಾ ಕ್ಯಾಪ್‌ನಲ್ಲಿ, ಪಾಯಿಂಟ್ ಬಿಚ್ಚುವ ಅಗತ್ಯ ಇಲ್ಲ. ವೈರ್‌ನ ತುದಿ ಏನಕ್ಕೂ ಸಮೀಪ ಇಲ್ಲದ ಹಾಗೆ ಗಾಳಿಯಲ್ಲಿ ನೇತುಬಿಟ್ಟು ಮಾತ್ರ ತಿರುಗಿಸಬೇಡಿ. ಕಿಡಿಗೆ ಹೊರಗೆ ದಾರಿ ಸಿಗದಿದ್ದರೆ ಅದು ಕಾಯಿಲ್ ಒಳಗೇ ದಾರಿ ಮಾಡಿಕೊಳ್ಳುತ್ತದೆ, ಅಲ್ಲಿಗೆ ಕಾಯಿಲ್ ಕಥೆ ಮುಗಿಯಿತು.

ಇಲ್ಲಿ ಒಂದು ಒಳ್ಳೆಯ ಸುಳಿವಿದೆ. ಟಕ್ ಶಬ್ದ ಬಂದಾಗ ಕಿಡಿ ಚೆನ್ನಾಗಿದ್ದು, ಎಂಜಿನ್ ಓಡುವಾಗ ಮಿಸ್ ಹೊಡೆದರೆ ಪಾಯಿಂಟ್ ಅಥವಾ ಬೇರಿಂಗ್ ಕಡೆ ನೋಡಿ. ಹ್ಯಾಂಡಲ್‌ಗೆ ಸ್ಟಾರ್ಟ್ ಆಗದೆ, ಇನ್ನೊಂದು ಗಾಡಿಗೆ ಕಟ್ಟಿ ಎಳೆದರೆ ಮಾತ್ರ ಸ್ಟಾರ್ಟ್ ಆಗಿ ಚೆನ್ನಾಗಿ ಓಡಿದರೆ ಇಂಪಲ್ಸ್ ಕಪ್ಲಿಂಗ್ ಕಡೆ ನೋಡಿ. ಎರಡರಲ್ಲೂ ಕಿಡಿ ಬಡಕಲಾಗಿದ್ದರೆ ಪಾಯಿಂಟ್, ಕಂಡೆನ್ಸರ್, ಕಾಯಿಲ್, ಕೊನೆಗೆ ಮ್ಯಾಗ್ನೆಟ್. ಇದೇ ಕ್ರಮದಲ್ಲಿ.

ಈಗ ಕ್ಯಾಪ್ ಬಿಚ್ಚಿ. ಒಳಗೆ ಟಾರ್ಚ್ ಬಿಟ್ಟು ನೋಡಿ. ಕಪ್ಪು ಬೇಕಲೈಟ್ ಮೇಲೆ ಪೆನ್ಸಿಲ್‌ನಲ್ಲಿ ಗೀಚಿದಂಥ ಸಣ್ಣ ಗೆರೆ ಕಾಣುತ್ತದಾ? ಅದು ಕಿಡಿ ಓಡಾಡಿದ ದಾರಿ. ಇಂಗಾಲ ಕೂತಿರುತ್ತದೆ, ಒರೆಸಿದರೆ ಹೋಗುವುದಿಲ್ಲ, ಕ್ಯಾಪ್ ಬದಲಿಸಲೇಬೇಕು. ನಡುವೆ ಇರುವ ಇಂಗಾಲದ ಬ್ರಷ್ ಒತ್ತಿದರೆ ಸ್ಪ್ರಿಂಗ್ ಮೇಲೆ ಮತ್ತೆ ಪುಟಿದು ಬರಬೇಕು.

ಪಾಯಿಂಟ್ ಗ್ಯಾಪ್ ಎಚ್-4ಕ್ಕೆ 13 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ), ಅಂದರೆ 0.33 ಮಿ.ಮೀ. ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಲೋಹದ ಪಟ್ಟಿ) ಹಾಕಿ ನೋಡಿ. ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. ಹೆಚ್ಚಿನವರು ಪಾಯಿಂಟ್ ಗ್ಯಾಪ್ ಅಂದರೆ ಸುಮಾರಾಗಿ ಇಟ್ಟರೆ ಆಯಿತು ಅಂದುಕೊಳ್ಳುತ್ತಾರೆ. ಬ್ಯಾಟರಿ ಇಗ್ನಿಷನ್‌ನಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದರೂ ಗಾಡಿ ಓಡುತ್ತದೆ, ಯಾಕೆಂದರೆ ಬ್ಯಾಟರಿ ಯಾವಾಗಲೂ ಕರೆಂಟ್ ಕೊಡುತ್ತಲೇ ಇರುತ್ತದೆ. ಮ್ಯಾಗ್ನೆಟೋದಲ್ಲಿ ಹಾಗಲ್ಲ. ಮ್ಯಾಗ್ನೆಟ್ ತಿರುಗುವಾಗ ಕಾಯಿಲ್‌ನಲ್ಲಿ ಕರೆಂಟ್ ಏರಿ, ತುತ್ತತುದಿ ಮುಟ್ಟಿ, ಇಳಿದುಬಿಡುತ್ತದೆ. ಪಾಯಿಂಟ್ ಆ ತುದಿಯಲ್ಲೇ ಬಿಚ್ಚಿಕೊಳ್ಳಬೇಕು. ಕ್ಯಾಮ್‌ಗೆ, ಅಂದರೆ ಪಾಯಿಂಟನ್ನು ತೆರೆಯುವ ಉಬ್ಬುಗಳಿರುವ ತಿರುಗುವ ತುಂಡಿಗೆ, ಉಜ್ಜುವ ಫೈಬರ್ ತುಂಡು ಸವೆದರೆ ಗ್ಯಾಪ್ ಕಮ್ಮಿಯಾಗುತ್ತದೆ, ಪಾಯಿಂಟ್ ತಡವಾಗಿ ಬಿಚ್ಚುತ್ತದೆ, ಅಷ್ಟರಲ್ಲಿ ಕರೆಂಟ್ ಇಳಿಮುಖ ಆಗಿರುತ್ತದೆ. ಮ್ಯಾಗ್ನೆಟ್ ಗಟ್ಟಿ, ಕಾಯಿಲ್ ಗಟ್ಟಿ, ಆದರೂ ಕಿಡಿ ಬಡಕಲು. 'ಮ್ಯಾಗ್ನೆಟೋ ಸತ್ತಿದೆ' ಅಂತ ಕಳಚಿಟ್ಟ ಎಷ್ಟೋ ಮ್ಯಾಗ್ನೆಟೋಗಳಿಗೆ ಬೇಕಾಗಿರುವುದು ಒಂದು ಫೀಲರ್ ಗೇಜ್ ಮತ್ತು ಅರ್ಧ ಗಂಟೆ ಸಮಯ.

ಗ್ಯಾಪ್ ನೋಡುವಾಗ ಕ್ಯಾಮ್‌ನ ಎರಡೂ ಉಬ್ಬಿನ ಮೇಲೆ ನೋಡಬೇಕು. ಒಂದರ ಮೇಲೆ 13 ಥೌ, ಇನ್ನೊಂದರ ಮೇಲೆ 9 ಅಥವಾ 10 ಬಂದರೆ ಗ್ಯಾಪ್ ಹೊಂದಿಸಿ ಉಪಯೋಗವಿಲ್ಲ. ಕ್ಯಾಮ್ ಸವೆದಿದೆ, ಇಲ್ಲವೇ ಶಾಫ್ಟ್ ಆಡುತ್ತಿದೆ. ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಅಲುಗಾಡಿಸಿ. ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ ಬೇರಿಂಗ್ ಹೋಗಿದೆ. ಅದೇ ನಿಮ್ಮ ಮಿಸ್ ಹೊಡೆತಕ್ಕೆ ಕಾರಣ ಇರಬಹುದು, ಯಾಕೆಂದರೆ ಶಾಫ್ಟ್ ಪ್ರತಿ ಸುತ್ತಿಗೂ ಒಂದೊಂದು ಕಡೆ ವಾಲಿದರೆ ಗ್ಯಾಪ್ ಕೂಡ ಪ್ರತಿ ಸುತ್ತಿಗೂ ಬದಲಾಗುತ್ತದೆ, ಕಿಡಿ ಒಮ್ಮೆ ಮುಂಚೆ ಒಮ್ಮೆ ತಡವಾಗಿ ಬರುತ್ತದೆ. ಮ್ಯಾಗ್ನೆಟ್‌ನ ರೋಟರ್ ಹೊರಗೆ ತೆಗೆದರೆ ಅದರ ಮೈ ನೋಡಿ. ಒಂದು ಕಡೆ ಕನ್ನಡಿಯಂತೆ ಹೊಳೆಯುವ ಗೀರು ಇದ್ದರೆ ಅದು ಪಕ್ಕದ ಕಬ್ಬಿಣದ ಗೋಡೆಗೆ ಉಜ್ಜುತ್ತಿದೆ. ಮೊದಲು ಬೇರಿಂಗ್ ಹಾಕಿಸಿ, ಆಮೇಲೆ ಉಳಿದದ್ದು. ಬೇರಿಂಗ್ ಆಡುತ್ತಿರುವಾಗ ಹೊಸ ಪಾಯಿಂಟ್, ಹೊಸ ಕಾಯಿಲ್ ಹಾಕುವುದು ಸುಮ್ನೆ ದುಡ್ಡು ದಂಡ. ಅದರ ಜೊತೆಗೇ ಆಯಿಲ್ ಸೀಲ್ ಕೂಡ ಬದಲಿಸಿ. ಸವೆದ ಸೀಲ್‌ನಿಂದ ಎಂಜಿನ್ ಆಯಿಲ್ ಒಳಗೆ ಬಂದು ಪಾಯಿಂಟ್ ಮೇಲೆ ಕೂತರೆ ಪಾಯಿಂಟ್ ಕಪ್ಪಾಗುತ್ತದೆ.

ಒಳಗಿನ ಎರಡು ಗೇರ್ ಬಿಚ್ಚುವ ಮುಂಚೆ ಹಲ್ಲಿನ ಮೇಲಿನ ಗುರುತು ನೋಡಿ, ಫೋಟೋ ತೆಗೆದುಕೊಳ್ಳಿ. ಒಂದು ಹಲ್ಲು ಆಚೀಚೆ ಕೂತರೂ ಕಿಡಿ ತಪ್ಪು ಕಡೆ ಹೋಗುತ್ತದೆ.

ಪಾಯಿಂಟ್ ಸ್ವಚ್ಛ ಮಾಡಲು ಎಮರಿ ಪೇಪರ್ ಬೇಡ, ಅದರ ಪುಡಿ ಅಲ್ಲೇ ಹುದುಗಿಕೊಳ್ಳುತ್ತದೆ. ಸಣ್ಣ ಪಾಯಿಂಟ್ ಅರದಿಂದ ಒಂದೆರಡು ಸಲ ಎಳೆದು, ಕೊನೆಗೆ ಗಟ್ಟಿ ಕಾಗದವನ್ನು ಪಾಯಿಂಟ್ ನಡುವೆ ಇಟ್ಟು ಎಳೆಯಿರಿ. ಕಾಗದ ಬೆಳ್ಳಗೆ ಬರುವ ತನಕ ಎಳೆಯಿರಿ. ಹೊಸ ಪಾಯಿಂಟ್‌ಗೂ ಹೀಗೆ ಮಾಡಬೇಕು, ಪ್ಯಾಕೆಟ್‌ನಲ್ಲಿ ಬರುವಾಗ ಎಣ್ಣೆ ಪಸೆ ಇರುತ್ತದೆ.

ಇನ್ನು ಬಿಸಿಯಾದರೆ ನಿಲ್ಲುವ ವಿಷಯ. ಟ್ಯಾಂಕ್ ಮುಚ್ಚಳ ಸರಿ ಇದ್ದೂ ನಿಂತರೆ, ನಿಂತ ಕ್ಷಣದಲ್ಲೇ ಕಿಡಿ ನೋಡಬೇಕು. ತಣ್ಣಗಾದ ಮೇಲೆ ನೋಡಿದರೆ ಏನೂ ಗೊತ್ತಾಗಲ್ಲ. ಬಿಸಿಯಲ್ಲಿ ಕಿಡಿ ಚೆನ್ನಾಗಿದ್ದರೆ ಮ್ಯಾಗ್ನೆಟೋ ಬಿಡಿ, ಪೆಟ್ರೋಲ್ ಕಡೆ ಹೋಗಿ. ಬಿಸಿಯಲ್ಲಿ ಕಿಡಿ ಇಲ್ಲ, ತಣ್ಣಗಾದರೆ ಬರುತ್ತದೆ ಅಂದರೆ ಕಂಡೆನ್ಸರ್ ಅಥವಾ ಕಾಯಿಲ್. ಕಂಡೆನ್ಸರ್ ಅಗ್ಗ, ಮೊದಲು ಅದನ್ನೇ ಬದಲಿಸಿ. ಆದರೂ ನಿಂತರೆ ಕಾಯಿಲ್. ಹಳೇ ಕಾಯಿಲ್ ಮೇಲೆ ಡಾಂಬರಿನಂಥದ್ದು ಕರಗಿ ಇಳಿದ ಗುರುತಿದ್ದರೆ ಅನುಮಾನವೇ ಬೇಡ. ಒಳಗಿನ ತಂತಿಯ ಇನ್ಸುಲೇಷನ್ ಬಿರುಕು ಬಿಟ್ಟಿರುತ್ತದೆ, ಬಿಸಿಗೆ ಹಿಗ್ಗಿದಾಗ ಕರೆಂಟ್ ಸೋರುತ್ತದೆ. ಮೀಟರ್ ಹಿಡಿದು ತಣ್ಣಗಿನ ಕಾಯಿಲ್ ಅಳೆದು 'ಸರಿ ಇದೆ' ಅಂತ ತೀರ್ಮಾನ ಮಾಡಬೇಡಿ. ಇಂಥ ಕಾಯಿಲ್ ತಣ್ಣಗಿದ್ದಾಗ ಮೀಟರ್‌ನಲ್ಲಿ ಸರಿಯಾಗೇ ತೋರಿಸುತ್ತದೆ.

ಕೊನೆಗೆ ವೈರ್ ಮತ್ತು ಪ್ಲಗ್. ಈಗಿನ ಕಾರುಗಳ ಇಂಗಾಲದ ಎಳೆಯ ವೈರ್ ಹಾಕಬೇಡಿ, ಒಳಗೆ ತಾಮ್ರದ ತಂತಿ ಇರುವುದನ್ನೇ ಕೇಳಿ. ನೀವು ಹೊಸದಾಗಿ ಹಾಕಿದ ಪ್ಲಗ್ ರೆಸಿಸ್ಟರ್ ಪ್ಲಗ್ (ಒಳಗೆ ಕರೆಂಟ್‌ಗೆ ತಡೆ ಇರುವಂಥದ್ದು) ಆಗಿದ್ದರೆ ಅದನ್ನೂ ಬದಲಿಸಿ. ಪ್ಲಗ್ ಗ್ಯಾಪ್ 23ರಿಂದ 25 ಥೌ ಒಳಗಿರಲಿ. ಅಂಗಡಿಯಿಂದ ಬರುವಾಗ ಗ್ಯಾಪ್ ಇದಕ್ಕಿಂತ ಜಾಸ್ತಿ ಇರುತ್ತದೆ, ಸವೆದ ಮ್ಯಾಗ್ನೆಟೋಗೆ ಅಷ್ಟು ದೂರ ಕಿಡಿ ಹಾರಿಸುವುದು ಕಷ್ಟ. ಬರೀ ಇಷ್ಟರಲ್ಲೇ ನಿಮ್ಮ ಬೆಳಗಿನ ಕೈನೋವು ಅರ್ಧ ಕಮ್ಮಿ ಆದರೂ ಆದೀತು.

ಇಷ್ಟೆಲ್ಲ ಮಾಡಿದ ಮೇಲೂ ಆಗದಿದ್ದರೆ, ಮತ್ತು ನಿಮಗೆ ಟ್ರ್ಯಾಕ್ಟರ್‌ನಿಂದ ದಿನಾ ಕೆಲಸ ಆಗಬೇಕು ಅಂದರೆ, ಬ್ಯಾಟರಿ ಇಗ್ನಿಷನ್ ಹಾಕಿಸಿ. ಹಳೇ ಮ್ಯಾಗ್ನೆಟೋವನ್ನು ಬಟ್ಟೆಯಲ್ಲಿ ಸುತ್ತಿ ಟ್ರ್ಯಾಕ್ಟರ್ ಜೊತೆಗೇ ಇಡಿ. ಎಷ್ಟೋ ವರ್ಷ ಬ್ಯಾಟರಿ, ಡೈನಮೋ ಯಾವುದರ ಹಂಗೂ ಇಲ್ಲದೆ ಹೊಲ ಉತ್ತ ಯಂತ್ರ ಅದು. ಮುಂದೆ ಯಾರಾದರೂ ಮತ್ತೆ ಕೂರಿಸಬಹುದು.

ಪ್ರಶ್ನೆ: ಕೆನಡಾದ ಒಂಟಾರಿಯೋದಿಂದ ಬರೆಯುತ್ತಿದ್ದೇನೆ. ನಮ್ಮದು ಫಾರ್ಮಾಲ್ ಬಿ, ಅದರಲ್ಲೂ ಎಚ್-4 ಮ್ಯಾಗ್ನೆಟೋ. ರಿಪೇರಿ ಮಾಡಿ ವಾಪಸ್ ಕೂರಿಸಿದ ಮೇಲೆ ಹ್ಯಾಂಡಲ್ ಹಿಂದಕ್ಕೆ ಒದ್ದು ಮಣಿಕಟ್ಟು ಉಳುಕಿತು. ಟಕ್ ಶಬ್ದವೂ ಸರಿಯಾಗಿ ಬರುತ್ತಿಲ್ಲ. ಟೈಮಿಂಗ್ ತಪ್ಪಿದೆಯಾ?

ಉತ್ತರ: ಮೊದಲು ಕೈ ವಾಸಿಯಾಗಲಿ, ಅಲ್ಲಿಯ ತನಕ ಹ್ಯಾಂಡಲ್ ಮುಟ್ಟಬೇಡಿ. ಇನ್ನು ಮುಂದೆ ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಡಿ, ಹ್ಯಾಂಡಲ್ ಸುತ್ತ ಸುತ್ತಬೇಡಿ. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಕೆಳಕ್ಕೆ ಒತ್ತಬಾರದು. ಒದ್ದರೂ ಹ್ಯಾಂಡಲ್ ಕೈ ಬಿಟ್ಟು ಹೋಗುತ್ತದೆ, ಮೂಳೆ ಉಳಿಯುತ್ತದೆ.

ನಿಮ್ಮ ಪತ್ರದಲ್ಲಿ ಉತ್ತರ ಅರ್ಧ ಇದೆ. ಟಕ್ ಶಬ್ದ ಬರುತ್ತಿಲ್ಲ ಅಂದಿರಲ್ಲ, ಅಲ್ಲೇ ಇದೆ ಕಾರಣ. ಇಂಪಲ್ಸ್ ಕಪ್ಲಿಂಗ್‌ನದು ಎರಡು ಕೆಲಸ. ಸ್ಟಾರ್ಟ್ ಮಾಡುವಾಗ ಕಿಡಿಯನ್ನು ಜೋರು ಮಾಡುವುದು ಒಂದು, ಕಿಡಿಯನ್ನು ತಡ ಮಾಡುವುದು ಇನ್ನೊಂದು. ಎಂಜಿನ್ ಜೋರಾಗಿ ಓಡುವಾಗ ಪಿಸ್ಟನ್ ಮೇಲೆ ಬರುವುದಕ್ಕೆ ಸಾಕಷ್ಟು ಮುಂಚೆಯೇ ಕಿಡಿ ಬೇಕು. ಕೈಯಿಂದ ತಿರುಗಿಸುವಾಗ ಅಷ್ಟು ಮುಂಚೆ ಕಿಡಿ ಬಂದರೆ ಪಿಸ್ಟನ್ ಮೇಲೇರುವ ದಾರಿಯಲ್ಲೇ ವಾಪಸ್ ತಳ್ಳಿಸಿಕೊಳ್ಳುತ್ತದೆ, ನಿಮ್ಮ ಕೈ ಮುರಿಯುತ್ತದೆ. ಕಪ್ಲಿಂಗ್ ಒಳಗಿನ ಕೊಕ್ಕೆಗಳು ನಿಧಾನ ತಿರುಗುವಾಗ ಮ್ಯಾಗ್ನೆಟ್‌ನ ರೋಟರನ್ನು ಹಿಡಿದು ನಿಲ್ಲಿಸಿ, ಪಿಸ್ಟನ್ ತುದಿಗೆ ಬಂದಾಗ ಬಿಡುತ್ತವೆ. ಎಂಜಿನ್ ವೇಗ ಹಿಡಿದ ಮೇಲೆ ಕೊಕ್ಕೆಗಳು ತಿರುಗುವ ರಭಸಕ್ಕೆ ಹೊರಕ್ಕೆ ಸರಿದು ಸುಮ್ಮನಾಗುತ್ತವೆ. ಆ ಕೊಕ್ಕೆಗಳಿಗೆ ಗ್ರೀಸ್ ಅಥವಾ ಹಳೇ ಎಣ್ಣೆ ಅಂಟಿ ಅವು ಒಳಗೆ ಬೀಳದಿದ್ದರೆ ಟಕ್ ಬರಲ್ಲ, ತಡವೂ ಆಗಲ್ಲ. ಸೀಮೆಎಣ್ಣೆಯಲ್ಲಿ ಚೆನ್ನಾಗಿ ತೊಳೆಯಿರಿ, ಒಣಗಿದ ಮೇಲೆ ತೆಳು ಎಣ್ಣೆ ಒಂದೆರಡು ಹನಿ ಸಾಕು. ಗ್ರೀಸ್ ಬೇಡವೇ ಬೇಡ. ಬೆರಳಲ್ಲಿ ತಳ್ಳಿದರೆ ಕೊಕ್ಕೆ ತಾನಾಗಿ ಬೀಳಬೇಕು. ತುದಿ ದುಂಡಗೆ ಸವೆದಿದ್ದರೆ ಬದಲಿಸಿ. ಕಪ್ಲಿಂಗ್ ಬದಲಿಸುವುದಾದರೆ ನಿಮ್ಮ ಎಂಜಿನ್‌ಗೆ ಹೇಳಿದ್ದನ್ನೇ ತನ್ನಿ, ನೋಡಲು ಒಂದೇ ಥರ ಇದ್ದರೂ ಎಷ್ಟು ಡಿಗ್ರಿ ತಡ ಮಾಡುತ್ತದೆ ಎನ್ನುವುದು ಬೇರೆ ಬೇರೆ ಇರುತ್ತದೆ.

ಆಮೇಲೆ ಟೈಮಿಂಗ್. ರೇಡಿಯೇಟರ್ ಕಡೆಯ ಮೊದಲ ಸಿಲಿಂಡರ್‌ನ ಪ್ಲಗ್ ತೆಗೆದು ತೂತಿಗೆ ಹೆಬ್ಬೆರಳು ಇಡಿ. ಇನ್ನೊಬ್ಬರು ನಿಧಾನ ಹ್ಯಾಂಡಲ್ ತಿರುಗಿಸಲಿ. ಗಾಳಿ ಬೆರಳನ್ನು ತಳ್ಳಿದಾಗ ಅದು ಕಂಪ್ರೆಷನ್. ಅಲ್ಲಿಂದ ಮುಂದಕ್ಕೆ ಟಿ.ಡಿ.ಸಿ. (ಪಿಸ್ಟನ್ ತುತ್ತತುದಿಗೆ ಬರುವ ಜಾಗ) ಗುರುತು ಸೂಜಿಗೆ ಬರುವ ತನಕ ತಿರುಗಿಸಿ ನಿಲ್ಲಿಸಿ. ಮ್ಯಾಗ್ನೆಟೋವನ್ನು ಕೈಯಲ್ಲಿ ಹಿಡಿದು, ಒಂದನೇ ವೈರ್‌ಗೆ ಕಿಡಿ ಬರುವ ಟಕ್ ತನಕ ತಿರುಗಿಸಿ, ಅದೇ ಸ್ಥಿತಿಯಲ್ಲಿ ಕೂರಿಸಿ, ಬೋಲ್ಟ್ ಅರ್ಧ ಬಿಗಿ ಮಾಡಿ. ಈಗ ಹ್ಯಾಂಡಲ್ ಎರಡು ಸುತ್ತು ತಿರುಗಿಸಿ. ಗುರುತು ಸೂಜಿಗೆ ಬರುವ ಹೊತ್ತಿಗೆ ಸರಿಯಾಗಿ ಟಕ್ ಕೇಳಬೇಕು. ಮುಂಚೆ ಅಥವಾ ತಡ ಆದರೆ ಮ್ಯಾಗ್ನೆಟೋದ ಮೈಯನ್ನು ಚೂರು ಆಚೀಚೆ ವಾಲಿಸಿ ಹೊಂದಿಸಿ, ಪೂರ್ತಿ ಬಿಗಿ ಮಾಡಿ. ವೈರ್ ಕ್ರಮ 1-3-4-2, ಕ್ಯಾಪ್ ಒಳಗಿನ ರೋಟರ್ ತಿರುಗುವ ದಿಕ್ಕಿನಲ್ಲಿ.

ಪ್ರಶ್ನೆ: ನಾನು ಮಂಡ್ಯದಲ್ಲಿ ಡಿಪ್ಲೊಮಾ ಮೆಕ್ಯಾನಿಕಲ್ ಓದುತ್ತಿದ್ದೇನೆ. ಬ್ಯಾಟರಿ ಇಲ್ಲದೆ ಕಿಡಿ ಹೇಗೆ ಬರುತ್ತದೆ? ನಮ್ಮ ಊರಿನ ಯಾವ ಟ್ರ್ಯಾಕ್ಟರ್‌ನಲ್ಲೂ ಮ್ಯಾಗ್ನೆಟೋ ನೋಡಿಲ್ಲ.

ಉತ್ತರ: ನೋಡಿರಲು ಸಾಧ್ಯವೇ ಇಲ್ಲ. ನಮ್ಮಲ್ಲಿ ಈಗ ಓಡುವ ಟ್ರ್ಯಾಕ್ಟರ್‌ಗಳು ಹೆಚ್ಚುಕಮ್ಮಿ ಎಲ್ಲ ಡೀಸೆಲ್. 1959ರಲ್ಲಿ ಫರೀದಾಬಾದ್‌ನಿಂದ ಐಷರ್ ಬಂತು, 1971ರಲ್ಲಿ ಎಚ್‌.ಎಂ.ಟಿ. ಪಿಂಜೋರ್‌ನಲ್ಲಿ ಜೆಟೋರ್ ಕಂಪನಿ ಜೊತೆ ಸೇರಿ ಟ್ರ್ಯಾಕ್ಟರ್ ಶುರು ಮಾಡಿತು, ಎಲ್ಲ ಡೀಸೆಲ್‌ನವೇ. ಡೀಸೆಲ್‌ಗೆ ಕಿಡಿ ಬೇಡ, ಒತ್ತಿದ ಗಾಳಿಯ ಬಿಸಿಗೇ ಹೊತ್ತಿಕೊಳ್ಳುತ್ತದೆ. ಆದರೆ ಹಳೇ ಬಜಾಜ್, ಲ್ಯಾಂಬ್ರೆಟಾ ಸ್ಕೂಟರ್ ನೋಡಿದ್ದರೆ ಮ್ಯಾಗ್ನೆಟೋ ನೋಡಿದಂತೆಯೇ, ಅದರ ಫ್ಲೈವೀಲ್‌ನಲ್ಲೇ ಮ್ಯಾಗ್ನೆಟ್ ಇರುತ್ತದೆ.

ಕೆಲಸ ಹೀಗೆ. ಫ್ಯಾರಡೆ 1831ರಲ್ಲಿ ತೋರಿಸಿದ್ದು ನೀವು ಪಿಯುಸಿ ಅಥವಾ ಎಸ್ಸೆಸ್ಸೆಲ್ಸಿಯಲ್ಲೇ ಓದಿರುತ್ತೀರಿ, ತಂತಿ ಸುರುಳಿಯ ಮೂಲಕ ಹಾದು ಹೋಗುವ ಕಾಂತಬಲ ಬದಲಾದರೆ ಅದರಲ್ಲಿ ಕರೆಂಟ್ ಹುಟ್ಟುತ್ತದೆ. ಮ್ಯಾಗ್ನೆಟೋದಲ್ಲಿ ಒಂದೇ ಕಬ್ಬಿಣದ ಮೇಲೆ ಎರಡು ಸುರುಳಿ. ಒಂದರಲ್ಲಿ ದಪ್ಪ ತಂತಿ, ಕಡಿಮೆ ಸುತ್ತು. ಇನ್ನೊಂದರಲ್ಲಿ ಕೂದಲಿನಂಥ ತಂತಿ, ಸಾವಿರಾರು ಸುತ್ತು. ಪಾಯಿಂಟ್ ಮುಚ್ಚಿರುವಾಗ ದಪ್ಪ ತಂತಿಯಲ್ಲಿ ಕರೆಂಟ್ ಓಡುತ್ತದೆ. ಪಾಯಿಂಟ್ ಥಟ್ಟನೆ ಬಿಚ್ಚಿದಾಗ ಆ ಕರೆಂಟ್ ನಿಲ್ಲುತ್ತದೆ, ಕಾಂತಬಲ ಒಮ್ಮೆಲೇ ಕುಸಿಯುತ್ತದೆ, ತೆಳು ತಂತಿಯಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್‌ನಲ್ಲಿ ಹಾರುತ್ತದೆ. ಕಂಡೆನ್ಸರ್ ಇಲ್ಲದಿದ್ದರೆ ಕಿಡಿ ಪಾಯಿಂಟ್‌ನಲ್ಲೇ ಹಾರಿ, ಪಾಯಿಂಟ್ ಸುಟ್ಟು, ಪ್ಲಗ್‌ಗೆ ಏನೂ ಉಳಿಯುವುದಿಲ್ಲ.

ಬೆಂಗಳೂರಿಗೆ ಬಂದಾಗ ಆಡುಗೋಡಿ ಕಡೆ ಹೋಗಿ ಬಾಷ್ ಕಂಪನಿಯ ಚಿಹ್ನೆ ನೋಡಿ. ವೃತ್ತದ ಒಳಗೆ ಎಚ್ ಅಕ್ಷರದಂಥ ಆಕಾರ ಇದೆ. ಅದು ಮ್ಯಾಗ್ನೆಟೋ ಒಳಗಿನ ಆರ್ಮೇಚರ್! ಬಾಷ್ ಕಂಪನಿ ಬೆಳೆದದ್ದೇ ಮ್ಯಾಗ್ನೆಟೋದಿಂದ. ಅಲ್ಲಿನ ಎಂಜಿನಿಯರ್ ಗಾಟ್‌ಲೋಬ್ ಹೊನೋಲ್ಡ್ 1902ರ ಹೊತ್ತಿಗೆ ಹೈ ವೋಲ್ಟೇಜ್ ಮ್ಯಾಗ್ನೆಟೋವನ್ನು ಸ್ಪಾರ್ಕ್ ಪ್ಲಗ್ ಜೊತೆ ಸೇರಿಸಿ ಕೊಟ್ಟರು. 1918ರ ಆ ಚಿಹ್ನೆಯೂ ಅವರದೇ. ಅದೇ ಬಾಷ್ ಜೊತೆ ಸೇರಿ 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು ನಮ್ಮ ಮೈಕೋ. ಮ್ಯಾಗ್ನೆಟೋ ಹಳೇ ಕಾಲದ್ದು ಅಂತ ತಳ್ಳಿಹಾಕಬೇಡಿ, ಸೆಸ್ನಾ 172ರಂಥ ಸಣ್ಣ ವಿಮಾನಗಳ ಪೆಟ್ರೋಲ್ ಎಂಜಿನ್‌ಗೆ ಎರಡೆರಡು ಮ್ಯಾಗ್ನೆಟೋ ಇರುತ್ತದೆ. ಬ್ಯಾಟರಿ ಸತ್ತರೂ ಎಂಜಿನ್ ನಿಲ್ಲಬಾರದು ಅಂತ. ಪೈಲಟ್ ಹಾರುವ ಮುಂಚೆ ಒಂದೊಂದನ್ನೇ ಪರೀಕ್ಷೆ ಮಾಡುತ್ತಾರೆ.

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ತೋಟದಲ್ಲಿ ಅಜ್ಜನ ಕಾಲದ ವಿಲಿಯರ್ಸ್ ಎಂಜಿನ್‌ನ ಪಂಪ್ ಇದೆ. ಮಳೆಗಾಲ ಕಳೆದ ಮೇಲೆ ಸ್ಟಾರ್ಟ್ ಆಗುತ್ತಿಲ್ಲ. ಕಿಡಿ ಇಲ್ಲ. ಫ್ಲೈವೀಲ್ ಬಿಚ್ಚಲು ಪುಲ್ಲರ್ ಇಲ್ಲ, ಸುತ್ತಿಗೆಯಲ್ಲಿ ಹೊಡೆಯಬಹುದಾ?

ಉತ್ತರ: ಫ್ಲೈವೀಲ್ ಅಂಚಿಗೆ ಸುತ್ತಿಗೆ ಬೇಡ. ಅದರೊಳಗೇ ಮ್ಯಾಗ್ನೆಟ್ ಇದೆ, ಏಟಿಗೆ ಅದರ ಬಲ ಕುಗ್ಗುತ್ತದೆ, ಫ್ಲೈವೀಲ್ ಬಿರುಕೂ ಬಿಡಬಹುದು. ವಿಲಿಯರ್ಸ್‌ನ ಎಷ್ಟೋ ಮಾದರಿಗಳಲ್ಲಿ ನಡುವಿನ ನಟ್ಟೇ ಪುಲ್ಲರ್ ಕೆಲಸ ಮಾಡುತ್ತದೆ. ಸರಿಯಾದ ಅಳತೆಯ ಗಟ್ಟಿ ಸ್ಪ್ಯಾನರ್ ಹಾಕಿ, ಸ್ಪ್ಯಾನರ್ ಹಿಡಿಗೆ ಏಟು ಕೊಟ್ಟು ನಟ್ ಬಿಚ್ಚಿ. ಸ್ವಲ್ಪ ಸಡಿಲವಾಗಿ ತಿರುಗಿ ಮತ್ತೆ ಬಿಗಿ ಆಗುತ್ತದೆ. ಅಲ್ಲಿ ನಿಲ್ಲಬೇಡಿ, ಮುಂದೆ ಬಿಚ್ಚುತ್ತಾ ಹೋದರೆ ನಟ್ಟೇ ಫ್ಲೈವೀಲನ್ನು ಹೊರಗೆ ಎಳೆಯುತ್ತದೆ. ಬಿಚ್ಚುವ ಮುಂಚೆ ಫ್ಲೈವೀಲ್ ಮತ್ತು ಹಿಂದಿನ ಪ್ಲೇಟ್ ಮೇಲಿನ ಗುರುತು ನೋಡಿಕೊಳ್ಳಿ. ಕೆಲವು ಮಾದರಿಯಲ್ಲಿ ಕೀ (ಫ್ಲೈವೀಲ್ ಜಾರದಂತೆ ಶಾಫ್ಟ್‌ಗೆ ಕೂರಿಸುವ ಸಣ್ಣ ಲೋಹದ ತುಂಡು) ಇರುವುದೇ ಇಲ್ಲ, ಟೇಪರ್ (ತುದಿಗೆ ಸಣ್ಣಗಾಗುವ ಶಾಫ್ಟ್) ಮೇಲೆ ಬಿಗಿಯಾಗಿ ಕೂತಿರುತ್ತದೆ ಅಷ್ಟೆ. ಗುರುತು ತಪ್ಪಿದರೆ ಟೈಮಿಂಗ್ ತಪ್ಪಿತು.

ನಿಮ್ಮದು ಮಲೆನಾಡು. ನಾಲ್ಕು ತಿಂಗಳು ತೇವದಲ್ಲಿ ನಿಂತ ಎಂಜಿನ್‌ನ ಪಾಯಿಂಟ್ ಮೇಲೆ ಹಸಿರು, ಬಿಳಿ ಪುಡಿ ಕೂತಿರುತ್ತದೆ. ಕಿಡಿ ಇಲ್ಲದಿರಲು ಅದೇ ಸಾಕು. ಸಣ್ಣ ಅರ, ಆಮೇಲೆ ಕಾಗದ, ಮೇಲೆ ಹೇಳಿದ ಹಾಗೇ. ಗ್ಯಾಪ್ 12ರಿಂದ 15 ಥೌ ಇರಲಿ. ಕಾಯಿಲ್ ತೇವ ಹೀರಿಕೊಂಡಿದ್ದರೆ ಬಿಚ್ಚಿ ಬಿಸಿಲಲ್ಲಿ ಎರಡು ಮೂರು ದಿನ ಇಡಿ, ಒಲೆ ಮೇಲೆ ಬೇಡ. ಗಾಳಿ ತೂತುಗಳಲ್ಲಿ ಕಣಜ ಮಣ್ಣು ತುಂಬಿ ಗೂಡು ಕಟ್ಟಿದ್ದರೆ ಅದನ್ನೂ ತೆಗೆಯಿರಿ. ಕಾಯಿಲ್ ನಿಜವಾಗಿ ಹೋಗಿದ್ದರೆ ಹಾಸನದಲ್ಲೋ ಬೆಂಗಳೂರಿನಲ್ಲೋ ಹಳೇ ಕೆಲಸ ಗೊತ್ತಿರುವ ವೈಂಡಿಂಗ್ ಅಂಗಡಿ ಹುಡುಕಿ. ಹಳೇ ಕಾಯಿಲ್ ಎಸೆಯದೆ ಮಾದರಿಗೆ ತಗೊಂಡು ಹೋಗಿ, ಸುತ್ತು ಎಷ್ಟು, ತಂತಿ ಯಾವ ಗೇಜ್ ಅಂತ ಅವರು ಅದನ್ನು ಬಿಚ್ಚಿಯೇ ತಿಳಿಯಬೇಕು.

ಪ್ರಶ್ನೆ: ಕುದುರೆ ಲಾಳದ ಆಕಾರದ ಮ್ಯಾಗ್ನೆಟ್ ಇರುವ ತುಂಬಾ ಹಳೇ ಮ್ಯಾಗ್ನೆಟೋ ನನ್ನ ಹತ್ತಿರ ಇದೆ. ಬಿಚ್ಚಿ ತೊಳೆದು ಜೋಡಿಸಿದ ಮೇಲೆ ಕಿಡಿ ಮೊದಲಿಗಿಂತ ಕಮ್ಮಿ ಆಯಿತು. ಯಾಕೆ?

ಉತ್ತರ: ಆ ಕಾಲದ ಮ್ಯಾಗ್ನೆಟ್ ಉಕ್ಕಿನದು. ಅದರ ಎರಡು ತುದಿಗಳ ನಡುವೆ ಕಬ್ಬಿಣ ಇಲ್ಲದೆ ಖಾಲಿ ಬಿಟ್ಟರೆ ಬಲ ಕುಗ್ಗುತ್ತದೆ. ನೀವು ರೋಟರ್ ತೆಗೆದು ಮ್ಯಾಗ್ನೆಟನ್ನು ಹಾಗೇ ಮೇಜಿನ ಮೇಲೆ ಇಟ್ಟಾಗ ಅದೇ ಆಗಿರಬಹುದು. ಮುಂದಿನ ಸಲ ರೋಟರ್ ಹೊರಗೆ ತೆಗೆಯುವ ಮುಂಚೆ ಎರಡು ತುದಿಗೆ ಸೇರುವಂತೆ ಒಂದು ಕಬ್ಬಿಣದ ಪಟ್ಟಿ ಹಾಕಿ, ಜೋಡಿಸುವ ತನಕ ತೆಗೆಯಬೇಡಿ. ಕಳೆದುಹೋದ ಬಲವನ್ನು ಮತ್ತೆ ತುಂಬಿಸಬಹುದು, ದೊಡ್ಡ ಎಲೆಕ್ಟ್ರೋಮ್ಯಾಗ್ನೆಟ್ ಇರುವ ಕಡೆ ಕೆಲಸ ಕೆಲವೇ ಕ್ಷಣದ್ದು. ಮೊದಲಿದ್ದ ದಿಕ್ಕಿನಲ್ಲೇ ತುಂಬಿಸಲು ಹೇಳಿ. ಒಂದಕ್ಕಿಂತ ಜಾಸ್ತಿ ಲಾಳ ಇದ್ದರೆ ಎಲ್ಲದರ ಉತ್ತರ ತುದಿ ಒಂದೇ ಕಡೆ ಬರಬೇಕು. ಒಂದು ತಿರುಗಿ ಕೂತರೂ ಉಳಿದವುಗಳ ಬಲವನ್ನು ಅದು ಕೊಲ್ಲುತ್ತದೆ. ನಿಮ್ಮದರಲ್ಲಿ ಇದೇ ಆಗಿದೆಯಾ ಅಂತ ಮೊದಲು ಒಂದು ದಿಕ್ಸೂಚಿ ಹಿಡಿದು ನೋಡಿ.

ಪ್ರಶ್ನೆ: ಮಿನೆಸೋಟದಲ್ಲಿ ಐದು ತಿಂಗಳು ಹಿಮ. ಟ್ರ್ಯಾಕ್ಟರ್ ಶೆಡ್‌ನಲ್ಲಿ ನಿಲ್ಲಿಸುವಾಗ ಮ್ಯಾಗ್ನೆಟೋಗೆ ಪ್ಲಾಸ್ಟಿಕ್ ಸುತ್ತಿದರೆ ಸಾಕಾ?

ಉತ್ತರ: ಪ್ಲಾಸ್ಟಿಕ್ ಬೇಡ, ಒಳಗೆ ತೇವ ಕಟ್ಟುತ್ತದೆ. ಹತ್ತಿ ಬಟ್ಟೆ ಸಡಿಲವಾಗಿ ಹೊದಿಸಿ, ಗಾಳಿ ತೂತು ಮುಚ್ಚದಿರಲಿ. ವೈರ್ ಕಡಿಯುವ ಇಲಿ ಬರದ ಹಾಗೆ ನೋಡಿಕೊಳ್ಳಿ. ವಸಂತದಲ್ಲಿ ಸ್ಟಾರ್ಟ್ ಮಾಡುವ ಮುಂಚೆ ಕ್ಯಾಪ್ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ, ಪಾಯಿಂಟ್ ನಡುವೆ ಒಂದು ಕಾಗದ ಎಳೆದುಬಿಡಿ.